ಮೂರು ತಾಲೂಕಿನ ವಿಶ್ವ ಚಾಂಪಿಯನ್ನರು

ಬಸ್ಸಿಳಿದು ಮೂಡಲಗಿಯಲ್ಲಿ ಮೊದಲ ಸಲ ತಲೆ ಎತ್ತಿದಾಗ ಎದುರಿನ ಚಹಾದಂಗಡಿಯ ನೆತ್ತಿಯ ಮೇಲೆ ಒಂದು ದೊಡ್ಡ ಫ್ಲೆಕ್ಸ್ ಕಂಡಿತು. ಏಳು ಜನ ಕೈಕಟ್ಟಿ ನಿಂತಿದ್ದಾರೆ, ನಡುವಿನವನ ಹೆಗಲ ಮೇಲೆ ಕಂಬಳಿ. ಕೆಳಗೆ ಕೆಂಪು ಅಕ್ಷರದಲ್ಲಿ ‘ವಿಶ್ವ ಕಬಡ್ಡಿ ಚಾಂಪಿಯನ್, ನಾಗನೂರ ತಂಡ’ ಎಂದು ಬರೆದಿದೆ.

ಟ್ರಂಕು ಅಲ್ಲೇ ಇಟ್ಟು ನಿಂತುಬಿಟ್ಟೆ. ನನಗೆ ಮೊದಲಿಂದಲೂ ಕಬಡ್ಡಿ ಹುಚ್ಚು. ಕೋಚ್ ಇಲ್ಲ, ಕ್ಲಬ್ ಇಲ್ಲ, ಮೊಬೈಲಿನಲ್ಲಿ ನೋಡಿ ನೋಡಿ ಕಲಿತವನು ನಾನು. ಯಾವ ದೇಶದಲ್ಲಿ ಯಾವ ಲೀಗ್ ನಡೆದರೂ ನಿದ್ದೆಗೆಟ್ಟು ಕೂರುತ್ತೇನೆ. ಹಾಗಿರುವಾಗ ನನಗೆ ಗೊತ್ತಾಗದ ಹಾಗೆ ಒಂದು ವಿಶ್ವಕಪ್ ನಡೆದು, ಅದನ್ನು ಇಲ್ಲಿ ಪಕ್ಕದ ಹಳ್ಳಿಯವರು ಗೆದ್ದಿದ್ದಾರೆ ಅಂದರೆ ಏನು?

ಚಹಾದಂಗಡಿಯ ರುದ್ರಪ್ಪ ಕಾಕಾ ಅವರನ್ನೇ ಕೇಳಿದೆ. ಇವರು ಯಾವ ಯಾವ ದೇಶದ ಮೇಲೆ ಗೆದ್ದರು ಅಂತ.

“ಗೋಕಾಕ, ಮೂಡಲಗಿ, ಹುಕ್ಕೇರಿ,” ಅಂದರು ಕಾಕಾ, ಚಹಾ ಸೋಸುತ್ತ. “ಫೈನಲ್‌ದಾಗ ಅಂಕಲಗಿ.”

ನಕ್ಕುಬಿಟ್ಟೆ. ಕಾಕಾ ನಗಲಿಲ್ಲ. ಅವರ ಅಂಗಡಿಯ ಮೇಲಿನ ಕೋಣೆಯೇ ನನಗೆ ಬಾಡಿಗೆಗೆ ಗೊತ್ತುಮಾಡಿದ್ದು ಅಂತ ಆಮೇಲೆ ತಿಳಿಯಿತು. ಹಾಗಾಗಿ ಈ ಊರಿನಲ್ಲಿ ನನ್ನ ಸಂಸಾರ ಶುರುವಾಗಿದ್ದು ವಿಶ್ವ ಚಾಂಪಿಯನ್ನರ ಬೆನ್ನ ಹಿಂದೆ. ಕಿಟಕಿ ತೆರೆದರೆ ಫ್ಲೆಕ್ಸಿನ ಹಿಂಭಾಗ, ಬಿಸಿಲು ಬಿದ್ದಾಗ ಅಕ್ಷರಗಳೆಲ್ಲ ತಿರುಗುಮುರುಗಾಗಿ ಕಾಣುತ್ತಿದ್ದವು.

ಕೊಳ್ಳೇಗಾಲ ಬಿಟ್ಟು ಇಷ್ಟು ದೂರ ಬಂದದ್ದು ಪಶು ಆಸ್ಪತ್ರೆಯ ಸಹಾಯಕನ ಗುತ್ತಿಗೆ ಕೆಲಸಕ್ಕೆ. ಅದೇ ರಾಜ್ಯ, ಅದೇ ಕನ್ನಡ, ಏನು ಮಹಾ ಅಂದುಕೊಂಡಿದ್ದೆ. ಬಂದ ಮೇಲೆ ಗೊತ್ತಾಯಿತು, ಇಲ್ಲಿ ನಾನು ಬಾಯಿ ಬಿಟ್ಟರೆ ಸಾಕು, ಕುರಿ ಹಿಡಿದುಕೊಂಡು ನಿಂತವರು ಕುರಿ ಬಿಟ್ಟು ನಗುತ್ತಾರೆ. ‘ನೀನು’ ಅಂದರೆ ಮುಖ ಗಂಟು ಹಾಕುತ್ತಾರೆ, ಪ್ರತಿ ಮಾತಿನ ಬಾಲಕ್ಕೂ ಒಂದು ‘ರಿ’ ಕಟ್ಟಬೇಕು. ನಮ್ಮ ಕಡೆ ಸಲಿಗೆ ಇದ್ದರೆ ಮರ್ಯಾದೆ ಬೇಡ ಅನ್ನುತ್ತೇವೆ. ಇಲ್ಲಿಯವರು ಮರ್ಯಾದೆ ಕೊಟ್ಟುಕೊಂಡೇ ಕಾಲೆಳೆಯುತ್ತಾರೆ. ಊಟದ್ದೂ ಹಾಗೇ. ಮುದ್ದೆ ನುಂಗಿದ ಗಂಟಲಿಗೆ ಜೋಳದ ರೊಟ್ಟಿ ಮೊದಮೊದಲು ಒಗ್ಗಲಿಲ್ಲ. ಈಗ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಗಟ್ಟಿ ಮೊಸರು ಬಿದ್ದರೆ ಮುದ್ದೆ ನೆನಪಾಗುವುದು ಊಟ ಮುಗಿದ ಮೇಲೆ. ಬೇಜಾರಾಗುತ್ತಿದ್ದದ್ದು ಭಾನುವಾರ ಮಾತ್ರ. ಅವ್ವನಿಗೆ ಫೋನ್ ಮಾಡಿ, ಅವಳು ಹೊಲಕ್ಕೆ ಹೊರಟ ಮೇಲೆ, ಮತ್ತೆ ಆ ತಿರುಗುಮುರುಗು ಅಕ್ಷರಗಳನ್ನು ಓದುತ್ತ ಕೂರುವುದು.

ಫ್ಲೆಕ್ಸಿನಲ್ಲಿ ಕಂಬಳಿ ಹೊದ್ದವನು ಸಿಕ್ಕಿದ್ದು ಮಳೆ ಹಿಡಿದಾಗ. ಕುರಿಗಳಿಗೆ ಲಸಿಕೆ ಹಾಕಲು ನಾಗನೂರಿಗೆ ಹೋಗಿದ್ದೆವು. ಹಿಂಡಿನ ನಡುವೆ ಒಬ್ಬ ಬಗ್ಗಿ, ಓಡುವ ಟಗರಿನ ಹಿಂಗಾಲು ಗೊರಸಿನ ಮೇಲೆ ಹಿಡಿಯುತ್ತಿದ್ದ. ಎಳೆಯುವುದಿಲ್ಲ, ಸುಮ್ಮನೆ ಹಿಡಿಯುತ್ತಾನೆ, ಟಗರು ತಾನಾಗಿ ನಿಲ್ಲುತ್ತದೆ. ಆ ಹಿಡಿತವನ್ನು ಮೊಬೈಲಿನಲ್ಲಿ ಸಾವಿರ ಸಲ ನೋಡಿದ್ದೆ, ಕುರಿಯ ಕಾಲಿಗಲ್ಲ, ರೇಡರನ ಕಾಲಿಗೆ. ಹೆಸರು ಸಿದ್ದಪ್ಪ, ನಾಗನೂರ ತಂಡದ ನಾಯಕ.

ಆಟದ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಅಮೆರಿಕದ ಕಥೆ ಬಿಚ್ಚಿದೆ. ಅಲ್ಲಿ ತಮ್ಮ ದೇಶದೊಳಗಿನ ಬ್ಯಾಸ್ಕೆಟ್‌ಬಾಲ್ ಲೀಗ್ ಗೆದ್ದವರು ತಮ್ಮನ್ನೇ ವಿಶ್ವ ಚಾಂಪಿಯನ್ ಅಂತ ಕರೆದುಕೊಳ್ಳುತ್ತಾರೆ. ಬೇರೆ ದೇಶದವರು ಯಾವ ವಿಶ್ವದ ಚಾಂಪಿಯನ್ ಅಂತ ಕೇಳಿ ನಗುತ್ತಾರೆ. ನಮ್ಮ ದೇಶದ ಕ್ರಿಕೆಟ್ ಲೀಗ್ ಗೆದ್ದವರೂ ಆ ಮಾತು ಆಡುವುದಿಲ್ಲ, ನೀವು ಮೂರು ತಾಲೂಕು ಗೆದ್ದು ಆಡುತ್ತೀರಲ್ಲ ಅಂದೆ.

ಸಿದ್ದಪ್ಪ ಟಗರಿನ ಕಾಲು ಬಿಡದೆ ಕೇಳಿಸಿಕೊಂಡ. “ಆ ಅಮೆರಿಕಾದಾಗ, ಹೊರಗಿನ ಟೀಮ್ ಬಂದು ನಾವು ನಿಮ್ಮ ಮ್ಯಾಲ ಆಡತೀವಿ ಅಂದ್ರ ಆಡತಾರೇನ್ರಿ?”

ಇಲ್ಲ, ಲೀಗಿನ ತಂಡಗಳು ಮಾತ್ರ ಅಂದೆ.

“ಹಂಗಾರ ಅವ್ರು ಬಾಗಲಾ ಹಾಕ್ಕೊಂಡ ಚಾಂಪಿಯನ್. ನಾವು ತಗದ ಇಟ್ಟೇವ್ರಿ. ಜಗತ್ತ ಬರಲಿಲ್ಲ ಅಂದ್ರ ಅದು ಜಗತ್ತಿನ ತಪ್ಪ.”

ಬಾಗಿಲು ತೆಗೆದಿಡುವುದು ಅಂದರೇನು ಅಂತ ಸಂಜೆ ಅಂಗಡಿಯಲ್ಲಿ ಕಾಕಾ ಬಿಡಿಸಿ ಹೇಳಿದರು. ಇದು ಕುಸ್ತಿಯಿಂದ ಬಂದ ಪದ್ಧತಿಯಂತೆ. ಕಣದಲ್ಲಿ ಪೈಲ್ವಾನ ಕೈ ಎತ್ತಿ ಸುತ್ತು ಹೊಡೆದು ತನಗೊಂದು ಜೋಡಿ ಹುಡುಕಿಕೊಳ್ಳುತ್ತಾನಲ್ಲ, ಹಾಗೆ. ಫೈನಲ್ ಗೆದ್ದ ತಂಡದ ನಾಯಕ ಮುಂದಿನ ಭಾನುವಾರ ಅಂಕಣದ ಮಣ್ಣು ಹಿಡಿದು, ಗೆರೆಯ ಸುತ್ತ ನಡೆಯುತ್ತ ಕೂಗಬೇಕು. ಮೂರು ತಾಲೂಕಿನ ಹೊರಗಿನವರು ಯಾರು ಬೇಕಾದರೂ ಆ ಮಣ್ಣು ಇಸಿದುಕೊಂಡು ಆಡಬಹುದು. ಅವರು ಸೋತರೆ ಅಥವಾ ಯಾರೂ ಬರದಿದ್ದರೆ ಫ್ಲೆಕ್ಸಿನ ಮೇಲೆ ‘ವಿಶ್ವ’ ಬರುತ್ತದೆ. ಹೊರಗಿನವರು ಗೆದ್ದರೆ ಆ ಜಾಗಕ್ಕೆ ಬಿಳಿ ಕಾಗದ ಅಂಟಿಸಿ ವರ್ಷವಿಡೀ ಹಾಗೇ ನೇತುಹಾಕಬೇಕು. ಹಿಂದೊಮ್ಮೆ ಪಕ್ಕದ ರಾಜ್ಯದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನವರು ನಾಗನೂರಿಗೆ ಬಿಳಿ ಕಾಗದ ಅಂಟಿಸಿ ಹೋಗಿದ್ದರಂತೆ. ಆ ವರ್ಷ ಇವರು ಹುಕ್ಕೇರಿ ಸಂತೆಗೆ ಹೋದರೆ ಸಾಕು, ಕುರಿ ಕೊಳ್ಳುವವರು, “ಬರ್ರಿ, ಬರೇ ಚಾಂಪಿಯನ್ ಬರ್ರಿ,” ಅಂತ ಕರೆಯುತ್ತಿದ್ದರಂತೆ. ಸಿದ್ದಪ್ಪ ಆ ವರ್ಷ ಟಗರು ಮಾರಲು ತಮ್ಮನನ್ನು ಕಳಿಸುತ್ತಿದ್ದನಂತೆ, ತಾನು ಹೋಗುತ್ತಿರಲಿಲ್ಲ.

ಚಳಿಗಾಲ ಬಂತು. ಕಬ್ಬಿನ ಗಾಡಿಗಳು ರಸ್ತೆ ತುಂಬಿದವು. ನಾಗನೂರ ಮತ್ತೆ ಗೆದ್ದಿತು. ಆ ಭಾನುವಾರ ಸಿದ್ದಪ್ಪ ಮುಷ್ಟಿಯಲ್ಲಿ ಮಣ್ಣು ಹಿಡಿದು ಸುತ್ತು ಬಂದ.

“ಜಗತ್ತಿನ್ಯಾಗ ಯಾರರ ಅದೀರೇನು?”

ಮೊದಲ ಸುತ್ತಿಗೆ ಯಾರೂ ಇಲ್ಲ. ಎರಡನೆಯ ಸುತ್ತಿಗೆ ನನ್ನ ಮುಂದೆ ಬಂದು ನಿಂತ. ಇಡೀ ಮೈದಾನ ನನ್ನನ್ನು ನೋಡಿತು. ಕೈ ಚಾಚಿದೆ.

ಜಗತ್ತು ಒಟ್ಟುಗೂಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೋರ್‌ವೆಲ್ ಲಾರಿಯ ಇಬ್ಬರು ತಮಿಳರು ಅಂಗಿ ಬಿಚ್ಚಿದರು. ಹೊಸ ಮನೆಗಳಿಗೆ ಟೈಲ್ಸ್ ಕೂರಿಸುವ ರಾಜಸ್ಥಾನದ ಒಬ್ಬ ಬಂದ. ಬೀಡಿನ ಕಬ್ಬಿನ ಗ್ಯಾಂಗಿನಿಂದ ಮೂವರು. ಮತ್ತೆ ನಾನು. ಬೀಡಿನವರು ‘ಕಬಡ್ಡಿ’ ಬದಲು ‘ಹುತುತು’ ಅನ್ನುತ್ತ ರೇಡಿಗೆ ಹೋದರು, ತಮಿಳರು ‘ಸಡುಗುಡು’ ಅಂದರು. ಅಂಪೈರ್ ಎಲ್ಲಕ್ಕೂ ತಲೆಯಾಡಿಸಿದರು, ಉಸಿರು ಕಡಿಯಬಾರದು ಅಷ್ಟೇ. ಒಬ್ಬರ ಮಾತು ಒಬ್ಬರಿಗೆ ಬಾರದ ಆ ತಂಡದಲ್ಲಿ ನಿಂತಾಗ, ಊರು ಬಿಟ್ಟ ಮೇಲೆ ಮೊದಲ ಸಲ, ನಾನು ಒಬ್ಬಂಟಿ ಅನ್ನಿಸಲಿಲ್ಲ. ನಾವೆಲ್ಲ ಇಲ್ಲಿಯವರಲ್ಲ ಅನ್ನುವುದೇ ನಮ್ಮನ್ನು ಒಂದು ಊರಿನವರನ್ನಾಗಿ ಮಾಡಿತ್ತು.

ಒಂದೇ ಪಾಯಿಂಟಿನಿಂದ ಸೋತೆವು. ಕೊನೆಯ ರೇಡಿಗೆ ಹೋದವನು ನಾನೇ. ತಿರುಗುವಷ್ಟರಲ್ಲಿ ಪಾದದ ಗಂಟಿನ ಮೇಲೆ ಒಂದು ಕೈ ಬಿತ್ತು. ಎಳೆಯಲಿಲ್ಲ. ನಾನೇ ನಿಂತೆ, ಟಗರು ನಿಂತ ಹಾಗೆ. ಕಾಕಾ ಅವತ್ತು ಚಹಾ ಕೊಡುತ್ತ, ಜಗತ್ತಿಗೆ ಸಕ್ಕರೆ ಎಷ್ಟು ಹಾಕಲಿ ಅಂತ ಕೇಳಿದರು.

ಆ ಮೇಲೆ ಸಿದ್ದಪ್ಪನ ಜೊತೆ ವಾದ ಮಾಡುವುದು ಬಿಟ್ಟೆ. ಗೆಲುವು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಸೋಲುವುದಕ್ಕೆ ಎಷ್ಟು ಜಾಗ ಬಿಟ್ಟಿದ್ದೀರಿ ಅನ್ನುವುದು ಮುಖ್ಯ ಅಂತ ಈಗ ನನ್ನ ಲೆಕ್ಕ. ಕಬ್ಬಿನ ಗ್ಯಾಂಗಿನ ಎದುರು ಆ ಮಣ್ಣು ಚಾಚುವವರಿಗೆ ವಿಶ್ವ ಚಾಂಪಿಯನ್ ಅನ್ನುವ ಹೆಸರು ಸಲ್ಲುತ್ತದೆ. ಬಿಳಿ ಕಾಗದದ ಅಂಜಿಕೆ ಇಲ್ಲದವರಿಗೆ, ಅವರು ಎಷ್ಟೇ ಚೆನ್ನಾಗಿ ಆಡಲಿ, ಸಲ್ಲುವುದಿಲ್ಲ.

ಹಾಗಂದುಕೊಂಡು ಸುಖವಾಗಿದ್ದೆ. ಆದರೆ ಇಲ್ಲಿ ಇನ್ನೊಂದು ನಿಯಮ ಇದೆ, ಅದು ನನಗೆ ಗೊತ್ತಿರಲಿಲ್ಲ. ಈ ವರ್ಷ ಲೀಗ್ ಶುರುವಾಗುವ ಹೊತ್ತಿಗೆ ಸಿದ್ದಪ್ಪ ಆಸ್ಪತ್ರೆಗೆ ಬಂದ. ಅವನ ತಂಡದ ಒಬ್ಬನ ಮೊಣಕಾಲು ಹೋಗಿತ್ತು. “ನೀವು ನಮ್ಮ ಕಡೆ ನಿಂದರ್ರಿ,” ಅಂದ. ನಾನು ಹೊರಗಿನವನಲ್ಲವಾ ಅಂದೆ.

“ಒಂದ ಸುಗ್ಗಿ ಜ್ವಾಳ ಇಲ್ಲೇ ಉಂಡೀರಿಲ್ಲೋ? ಇನ್ನ ಎಲ್ಲಿ ಹೊರಗಿನವ್ರು?”

ಒಂದು ಸುಗ್ಗಿಯ ಹೊಸ ಜೋಳ ಉಂಡವರು ಇಲ್ಲಿ ಒಳಗಿನವರಂತೆ, ಜಗತ್ತಿನ ಕಡೆಯಿಂದ ಆಡುವ ಹಾಗಿಲ್ಲವಂತೆ. ಖುಷಿಯಾಯಿತು. ಜೊತೆಗೆ ಏನೋ ಕಳೆದುಕೊಂಡ ಹಾಗೂ ಆಯಿತು. ನನಗೆ ಗೊತ್ತಿಲ್ಲದೆ ಯಾವುದೋ ಒಂದು ರೊಟ್ಟಿಯ ತುತ್ತಿನಲ್ಲಿ ನಾನು ಗೆರೆ ದಾಟಿಬಿಟ್ಟಿದ್ದೆ. ಅಮೆರಿಕದವರ ಪರವಾಗಿ ಹೇಳುವವರ ಒಂದು ವಾದ ಅವತ್ತೇ ನೆನಪಾಗಿದ್ದು. ಎಲ್ಲ ದೇಶದ ಒಳ್ಳೊಳ್ಳೆಯ ಆಟಗಾರರು ನಮ್ಮ ಲೀಗಿಗೇ ಬಂದು ಆಡುತ್ತಾರೆ, ಜಗತ್ತು ನಮ್ಮೊಳಗೇ ಇದೆ ಅನ್ನುತ್ತಾರೆ ಅವರು. ಮೊದಲು ನಗುತ್ತಿದ್ದೆ. ನಾನು ಒಳ್ಳೆಯ ಆಟಗಾರನೇನೂ ಅಲ್ಲ. ಆದರೂ ನಾಗನೂರ ಬನಿಯನ್ ಹಾಕಿಕೊಂಡಾಗ ಆ ಮಾತು ಪೂರ್ತಿ ಸುಳ್ಳು ಅನ್ನಿಸಲಿಲ್ಲ.

ಅಂಕಲಗಿಯವರು ಈ ಸಲವೂ ಸೋತರು. ಭಾನುವಾರ ಸಿದ್ದಪ್ಪ ಮಣ್ಣು ಹಿಡಿದು ಹೊರಟ. ನಾನು ಗೆರೆಯ ಒಳಗೆ ನಿಂತಿದ್ದೆ. ಅವನು ಕೂಗಿದಾಗ ನನ್ನ ಕಾಲು ತಾನಾಗಿ ಮುಂದೆ ಹೋಯಿತು, ಪಕ್ಕದವನು ಬನಿಯನ್ ಹಿಡಿದು ಎಳೆದ.

ಗುಂಪಿನಿಂದ ಒಂದು ದನಿ ಬಂತು.

“ನಾನ್ ಬತ್ತೀನಿ ಕನಣ್ಣ.”

ಎಷ್ಟು ಕಾಲವಾಗಿತ್ತು ನಮ್ಮ ಕಡೆಯ ಆ ಮಾತು ಎದುರಾ ಎದುರು ಕೇಳಿ. ಕಬ್ಬು ಕಟಾವು ಯಂತ್ರದ ಮೆಕ್ಯಾನಿಕ್ಕಂತೆ, ಹೆಸರು ನಂಜುಂಡ, ನಮ್ಮೂರಿನ ಪಕ್ಕದ ಹನೂರಿನವನು. ಬಂದು ತಿಂಗಳೂ ಆಗಿಲ್ಲ. ಅವನ ಹಿಂದೆ ಹೊರಗಿನವರು ಇನ್ನೂ ಆರು ಜನ ಸೇರಿದರು. ಆಟಕ್ಕೆ ಮೊದಲು ಹತ್ತಿರ ಹೋಗಿ ಊರು ಕೇಳಿದೆ. ನನ್ನ ಊರು ಕೇಳಿದ್ದೇ ಅವನ ಮುಖ ಅರಳಿತು. ಇಲ್ಲಿ ಸೊಪ್ಪಿನ ಸಾರು ಎಲ್ಲಿ ಸಿಗುತ್ತದೆ ಅಂತ ಕೇಳಿದ. ಎಲ್ಲೂ ಇಲ್ಲ, ನನ್ನ ಕೋಣೆಗೆ ಬಾ ಅಂದೆ. ಹಾಗೆ ಹೇಳಿ ಬಂದು ಅವನ ಎದುರು ನಿಂತೆ.

ಆಟ ಅದೇ ದಾರಿ ಹಿಡಿಯಿತು. ಕೊನೆಯ ರೇಡ್ ಉಳಿದಾಗ ನಾವು ಒಂದು ಪಾಯಿಂಟ್ ಮುಂದೆ. ನಂಜುಂಡ ಒಬ್ಬನನ್ನೂ ಮುಟ್ಟದೆ ಹೋದರೆ ನಾವು ಉಳಿದೆವು, ಇಬ್ಬರನ್ನು ಮುಟ್ಟಿ ಗೆರೆ ತಲುಪಿದರೆ ಬಿಳಿ ಕಾಗದ. ಅವನು ಕಬಡ್ಡಿ ಕಬಡ್ಡಿ ಅನ್ನುತ್ತ ಬಂದ, ಒಂದೇ ಬೀಸಿನಲ್ಲಿ ಇಬ್ಬರನ್ನು ಮುಟ್ಟಿ ತಿರುಗಿದ. ಸಿದ್ದಪ್ಪ ಆ ಮೂಲೆಯಲ್ಲಿ ದೂರ ಇದ್ದ. ನನ್ನ ಮುಂದೆ ಒಂದು ಕಾಲು ಹಾದು ಹೋಗುತ್ತಿತ್ತು. ಬಗ್ಗಿ ಗೊರಸಿನ ಮೇಲೆ ಹಿಡಿದೆ, ಎಳೆಯಲಿಲ್ಲ. ಅವನು ನೆಲಕ್ಕೆ ಬಿದ್ದು ಗೆರೆಯ ಕಡೆಗೆ ಕೈ ಚಾಚಿದ. ಇನ್ನೇನು ಒಂದು ಗೇಣು.

ಆಗ ಅವನು ತಿರುಗಿ ನನ್ನ ಮುಖ ನೋಡಿದ.

“ಬುಡಣ್ಣಾ,” ಅಂದ.

ಅಷ್ಟೇ. ಆ ಒಂದು ಮಾತಿಗೆ ಉಸಿರು ಕಡಿಯಿತು, ಅಂಪೈರ್ ಸೀಟಿ ಊದಿದರು. ನಾಗನೂರಿನವರೆಲ್ಲ ಮೈಮೇಲೆ ಬಿದ್ದರು. ಸಿದ್ದಪ್ಪ ಬಂದು, ಮುಂದಿನ ವಾರ ಹುಕ್ಕೇರಿ ಸಂತೆಗೆ ತಾನೇ ಟಗರು ಹೊಡೆದುಕೊಂಡು ಹೋಗುತ್ತೇನೆ ಅಂದ. ನಾನು ಇನ್ನೂ ಕಾಲು ಬಿಟ್ಟಿರಲಿಲ್ಲ. ನಂಜುಂಡನೇ ನಕ್ಕು ಬಿಡಿಸಿಕೊಂಡ.

ಆ ಸಂಜೆ ಅವನು ನನ್ನ ಕೋಣೆಗೆ ಬಂದು ಸೊಪ್ಪಿನ ಸಾರಿನಲ್ಲಿ ಮುದ್ದೆ ಉಂಡ. ನಾಗನೂರಿನಿಂದ ಸಿದ್ದಪ್ಪ ರೊಟ್ಟಿ ಕಳಿಸಿದ್ದ, ಅದನ್ನೂ ಉಂಡೆವು.

ಹೊಸ ಫ್ಲೆಕ್ಸ್ ಹತ್ತಿ ವಾರವಾಯಿತು. ಏಳು ಜನರಲ್ಲಿ ತುದಿಗೆ ನಿಂತು ಕೈ ಎಲ್ಲಿಡಬೇಕು ಅಂತ ತಿಳಿಯದ ಹಾಗೆ ಕಾಣುವವನು ನಾನು. ಅದರ ಫೋಟೊ ತೆಗೆದು ಅವ್ವನಿಗೆ ಕಳಿಸಿದೆ. ಪಕ್ಕದ ಮನೆಯವರ ಹತ್ತಿರ ಓದಿಸಿಕೊಂಡು ತಕ್ಷಣ ಫೋನ್ ಮಾಡಿದಳು.

“ಪ್ರಪಂಚಕ್ಕೇ ಗೆದ್ದಿದ್ದಿಯಂತಲ್ಲ ಮಗ. ಯಾರ್ ಮ್ಯಾಲೆ ಗೆದ್ದೆ?”

ಕಿಟಕಿಯಾಚೆ ಫ್ಲೆಕ್ಸಿನಲ್ಲಿ ನನ್ನ ಬೆನ್ನೇ ನನಗೆ ಕಾಣುತ್ತಿತ್ತು, ಬಿಸಿಲಿಗೆ ಅಕ್ಷರಗಳು ಮತ್ತೆ ತಿರುಗುಮುರುಗಾಗಿದ್ದವು.

“ನಮ್ಮೂರ್ ಕಡೆಯೋರ್ ಮೇಲೇ ಕನವ್ವ,” ಅಂದೆ.