ಹದಿನೈದರ ಆಟವನ್ನು ಏಳಕ್ಕೆ ಇಳಿಸಿದ ವರ್ಷ

ಕೋವಿಡ್ ಗಲಾಟೆ ಮುಗಿದು ಮೈದಾನಗಳು ಮತ್ತೆ ತೆರೆದ ಕಾಲ. ಹೊಸಪೇಟೆಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿ ನಿವೃತ್ತನಾಗಿದ್ದ ನನ್ನನ್ನು ಹೊಸದೊಂದು ವೃತ್ತಿಪರ ರಗ್ಬಿ ಲೀಗ್ ಕರೆದು ಸ್ಪರ್ಧಾ ನಿರ್ದೇಶಕನ ಕುರ್ಚಿಯಲ್ಲಿ ಕೂರಿಸಿತು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಹೆಸರಿನ ನಾಲ್ಕು ತಂಡಗಳು. ಆಟಗಾರರಿಗೆ ತಿಂಗಳ ಸಂಬಳ. ಖರ್ಚೆಲ್ಲ ಗಣಿ ವ್ಯವಹಾರದ ಒಬ್ಬ ಮಾಲೀಕರದು. ವೇಳಾಪಟ್ಟಿ, ನಿಯಮ, ರೆಫರಿಗಳ ನೇಮಕ ನನ್ನ ಪಾಲಿಗೆ. ನಮ್ಮ ಜನ ರಗ್ಬಿಯನ್ನು 'ಚೆಂಡು ಹಿಡಕೊಂಡು ಆಡೋ ಕಬಡ್ಡಿ' ಎನ್ನುತ್ತಿದ್ದರು. ಅಷ್ಟಾದರೂ ನೋಡಲು ಬರುತ್ತಾರಲ್ಲ ಎಂದು ನಾನೂ ತಿದ್ದಲು ಹೋಗಲಿಲ್ಲ.

ನಾವು ಶುರು ಮಾಡಿದ್ದು ಒಂದೊಂದು ಕಡೆ ಹದಿನೈದು ಜನರ, ಎಂಬತ್ತು ನಿಮಿಷದ ಆಟ. ಅದರಲ್ಲಿ ಸ್ಕ್ರಮ್ ಎಂಬುದೊಂದಿದೆ. ಎರಡೂ ತಂಡಗಳ ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುತ್ತಾರೆ. ಮುಂದಿನ ಸಾಲಿನ ಎರಡು ಬದಿಗೆ ನಿಲ್ಲುವವರಿಗೆ ಪ್ರಾಪ್ ಎನ್ನುತ್ತಾರೆ. ಅವರಿಗೆ ಓಟ ಅಷ್ಟೇನೂ ಬೇಡ, ತೂಕ ಮತ್ತು ತಾಕತ್ತು ಬೇಕು. ಇಂಥ ಮೈಕಟ್ಟಿನವರು ಎಲ್ಲಿ ಸಿಗುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಲೇಜು ಕೆಲಸದ ಜೊತೆಗೆ ಎಷ್ಟೋ ವರ್ಷ ನಾನು ಕಂಪ್ಲಿಯ ಗರಡಿಯೊಂದರಲ್ಲಿ ಕುಸ್ತಿ ಕಲಿಸಿದವನು.

ಎಮ್ಮಿಗನೂರಿನ ಹುಲುಗಪ್ಪ ಅಲ್ಲಿ ನನ್ನ ಶಿಷ್ಯ. ಆಗ ಅವನು ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿ. ಕೆಲಸ ಬಿಟ್ಟು ಬಾ ಎಂದೆ, ಬಿಟ್ಟು ಬಂದ. ಯಾವ ಆಟ ಎಂದೂ ಕೇಳಲಿಲ್ಲ. ಗರಡಿಯ ರೀತಿಯೇ ಹಾಗೆ. ಉಸ್ತಾದ ಹೇಳಿದ್ದಕ್ಕೆ ಶಿಷ್ಯ ಯಾಕೆ ಎನ್ನುವುದಿಲ್ಲ. ಮೊದಲ ಸೀಸನ್ನಿನಲ್ಲೇ ಅವನು ಕಂಪ್ಲಿ ತಂಡದ ಪ್ರಾಪ್ ಆದ, ಎರಡನೆಯದರಲ್ಲಿ ಕ್ಯಾಪ್ಟನ್. ಅವನು ಸ್ಕ್ರಮ್ಮಿಗೆ ಬಗ್ಗಿದರೆ ಎದುರಾಳಿಯ ಸಾಲು ಹಿಂದಕ್ಕೆ ಜರುಗುವುದನ್ನು ನೋಡಲಿಕ್ಕೆಂದೇ ಕಂಪ್ಲಿಯಿಂದ ಟ್ರ್ಯಾಕ್ಟರುಗಳಲ್ಲಿ ಜನ ಬರುತ್ತಿದ್ದರು.

ಆದರೆ ಟ್ರ್ಯಾಕ್ಟರಿನ ಜನರಿಂದ ಲೀಗ್ ನಡೆಯುವುದಿಲ್ಲ. ಎರಡನೇ ಸೀಸನ್ ಮುಗಿದ ಮೇಲೆ ಮಾಲೀಕರು ನನ್ನನ್ನು ಕರೆದು, ಎಂಬತ್ತು ನಿಮಿಷ ಮೊಬೈಲಿನಲ್ಲಿ ಯಾರೂ ನೋಡುತ್ತಿಲ್ಲ, ಏಳು ಜನರ ಆಟಕ್ಕೆ ಬದಲಾಯಿಸಿ, ಇಲ್ಲವೇ ಬಾಗಿಲು ಹಾಕೋಣ ಎಂದರು. ಏಳರ ಆಟ ಏಳೇಳು ನಿಮಿಷದ ಎರಡು ಅವಧಿಗೆ ಮುಗಿಯುತ್ತದೆ. ಇಡೀ ಟೂರ್ನಿ ಒಂದು ವಾರಾಂತ್ಯದಲ್ಲಿ ಮುಗಿದೀತು. ತಂಡಕ್ಕೆ ಇಪ್ಪತ್ಮೂರು ಆಟಗಾರರ ಬದಲು ಹನ್ನೆರಡು ಜನ ಸಾಕು. ಹೊಸ ಮಾದರಿಯನ್ನು ನಾನೇ ಬರೆದೆ, ಬಹಳ ಹುರುಪಿನಿಂದಲೇ ಬರೆದೆ. ಅರ್ಧ ಜನ ಹೊರಗೆ ಹೋಗುತ್ತಾರೆಂಬುದು ಆಗ ನನಗೆ ಬರೀ ಲೆಕ್ಕವಾಗಿತ್ತು.

ಒಂದು ತೊಡಕಿತ್ತು. ಆಟಗಾರರ ಜೊತೆಗಿನ ಒಪ್ಪಂದದ ಅವಧಿಯಲ್ಲಿ ಆಟದ ಮಾದರಿ ಬದಲಿಸಬೇಕಾದರೆ ನಾಲ್ಕೂ ಕ್ಯಾಪ್ಟನ್‌ಗಳು ಒಪ್ಪಬೇಕು. ಆಟಗಾರರ ಮೇಲಿನ ಪ್ರೀತಿಯಿಂದ ಈ ನಿಯಮ ಸೇರಿಸಿದವನೂ ನಾನೇ. ಕಡ್ಡಿರಾಂಪುರದ ಹೋಂಸ್ಟೇ ಒಂದರಲ್ಲಿ ಸಭೆ ಕರೆದೆವು. ಹೊಸಪೇಟೆ, ಹಂಪಿ, ಸಂಡೂರಿನ ಕ್ಯಾಪ್ಟನ್‌ಗಳು ಜಿಂಕೆಯಂತೆ ಓಡುವವರು, ಕೇಳಿದ ತಕ್ಷಣ ಕೈ ಎತ್ತಿದರು. ಏಳರ ಆಟವನ್ನು ಒಮ್ಮೆಯೂ ನೋಡಿರದ ಹುಲುಗಪ್ಪ ನನ್ನ ಮುಖ ನೋಡಿದ.

"ಅದ್ರಾಗೂ ಸ್ಕ್ರಮ್ ಇರ್ತೈತೇನ್ರಿ ಉಸ್ತಾದ್ರ?"

"ಇರ್ತೈತಿ" ಎಂದೆ.

ಅವನು ಕೈ ಎತ್ತಿದ. ನಾನು ಹೇಳಿದ್ದು ಸುಳ್ಳಲ್ಲ. ಏಳರ ಆಟದಲ್ಲೂ ಸ್ಕ್ರಮ್ ಇದೆ. ಆದರೆ ಅದು ಬರೀ ಮೂವರದು, ಬಗ್ಗಿ ಏಳುವುದರೊಳಗೆ ಚೆಂಡು ಹೊರಗೆ ಬಂದಿರುತ್ತದೆ, ಆಮೇಲೆ ಓಟವೇ ಓಟ. ಅವನಂಥವನಿಗೆ ಅಲ್ಲಿ ಜಾಗವಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತಾಡಿ ಅವನ ಕೈಯನ್ನು ಅವನಿಂದಲೇ ಎತ್ತಿಸಿದೆ. ಅವನು ಇನ್ನೊಂದು ಪ್ರಶ್ನೆ ಕೇಳುವುದಿಲ್ಲವೆಂಬ ಭರವಸೆ ನನಗಿತ್ತು. ಅದನ್ನು ಕಲಿಸಿದವನು ನಾನೇ ಅಲ್ಲವೇ. ಸಭೆ ಮುಗಿದು ಎಲ್ಲರೂ ಮಂಡಕ್ಕಿ ಮಿರ್ಚಿ ತಿಂದೆವು.

ಹೊಸ ತಂಡಗಳ ಆಯ್ಕೆಗೆ ಇನ್ನೂ ಕೆಲವು ತಿಂಗಳಿದ್ದವು. ಹಗುರ ಇದ್ದವರಿಗೇ ಜಾಗ ಎಂದು ಯಾರೋ ಹುಲುಗಪ್ಪನಿಗೆ ಹೇಳಿದರಂತೆ. ಅವನು ತುಪ್ಪ, ಹಾಲು, ಬಾದಾಮಿ ಬಿಟ್ಟ. ಬೆಳಿಗ್ಗೆ ದರೋಜಿ ಕಡೆಯ ರಸ್ತೆಯಲ್ಲಿ ಓಡುತ್ತಾನೆಂದು ಸುದ್ದಿ ಬಂತು. ಓಡಲಿ, ಆರೋಗ್ಯಕ್ಕೆ ಒಳ್ಳೆಯದು ಎಂದುಕೊಂಡೆ. ಈಗ ಬರೆಯುವಾಗ ಆ ಯೋಚನೆಗೆ ಹೇಸಿಗೆಯಾಗುತ್ತದೆ. ಒಮ್ಮೆ ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ಮಲ್ಲಮ್ಮ ಎದುರಾದಳು. ದಿನಕ್ಕೆ ಎರಡು ರೊಟ್ಟಿ ಮೇಲೆ ಮುಟ್ಟುವುದಿಲ್ಲ, ರಾತ್ರಿ ಕಾಲು ಸೆಳೆತ ಎಂದು ಹೇಳಿಕೊಂಡಳು.

"ನೀವೊಂದ್ ಮಾತು ಹೇಳಿದ್ರ ಉಣ್ತಾನ್ರಿ" ಎಂದಳು.

ಹೇಳುತ್ತೇನೆ ಎಂದು ತಲೆಯಾಡಿಸಿದೆ. ಹೇಳಲಿಲ್ಲ. ಅದನ್ನು ಹೇಳಲು ಹೊರಟರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಆಯ್ಕೆಯ ದಿನ ಕಂಪ್ಲಿ ಮೈದಾನದಲ್ಲಿ ಅವನನ್ನು ಗುರುತಿಸಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಕುತ್ತಿಗೆ ಸಣ್ಣಗಾಗಿತ್ತು, ಹಳೆಯ ಜೆರ್ಸಿ ಹೆಗಲ ಮೇಲೆ ಜೋತಾಡುತ್ತಿತ್ತು. ಸ್ಕ್ರಮ್ಮಿಗೆ ಬೇಕಾದ ತೂಕವೂ ಉಳಿದಿರಲಿಲ್ಲ, ಏಳರ ಆಟಕ್ಕೆ ಬೇಕಾದ ವೇಗವೂ ಬಂದಿರಲಿಲ್ಲ. ನಲವತ್ತು ಮೀಟರ್ ಓಟದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದ. ಸ್ಟಾಪ್‌ವಾಚ್ ನನ್ನ ಕೈಯಲ್ಲೇ ಇತ್ತು.

"ಇನ್ನೊಮ್ಮೆ ಓಡ್ಲೇನ್ರಿ?" ಎಂದ.

ಓಡು ಎಂದೆ. ಮತ್ತೆ ಓಡಿದ, ಮತ್ತೆ ಕೇಳಿದ, ಮತ್ತೆ ಓಡು ಎಂದೆ. ಬೇಡ ಎನ್ನುವ ಧೈರ್ಯವಿಲ್ಲದ್ದಕ್ಕೆ ಅವನನ್ನು ಓಡಿಸುತ್ತಲೇ ಇದ್ದೆ. ಕೊನೆಗೆ ತಂಡದ ಕೋಚ್ ಖಾದರ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದುಕೊಂಡು ಹೋದ. ನಾನು ಹೇಳಬೇಕಾದ ಮಾತನ್ನು ಅವನು ಹೇಳಿದ.

ಏಳರ ಲೀಗ್ ಭರ್ಜರಿಯಾಗಿ ಗೆದ್ದಿತು. ಜನ ಮೊಬೈಲಿನಲ್ಲಿ ನೋಡಿದರು, ಮಾಲೀಕರು ನನಗೆ ಶಾಲು ಹೊದಿಸಿದರು. ಲೀಗ್ ಉಳಿದದ್ದು ನಿಜ, ಬದಲಾವಣೆ ಸರಿಯಾಗಿಯೇ ಇತ್ತು ಎಂದು ಈಗಲೂ ನಂಬುತ್ತೇನೆ. ಆದರೂ ಆ ಶಾಲನ್ನು ನಾನು ಮತ್ತೆ ಹೊದ್ದಿಲ್ಲ.

ಮರುವರ್ಷ ಭತ್ತದ ಸುಗ್ಗಿಯಲ್ಲಿ ಕಂಪ್ಲಿಗೆ ಹೋದಾಗ ಹುಲುಗಪ್ಪ ಗಿರಣಿಯ ಮುಂದೆ ಮೂಟೆ ಹೊರುತ್ತಿದ್ದ. ಮೇಸ್ತ್ರಿ ಕೆಲಸ ಬೇರೆಯವರ ಪಾಲಾಗಿತ್ತು. ನನ್ನನ್ನು ಕಂಡು ಓಡಿಬಂದು ಕಾಲಿಗೆ ಬಗ್ಗಿದ. ನಾನು ತಡೆಯಲಾರದೆ ಹಿಂದೆ ಸರಿದೆ. ಅವನ ಮುಖ ಬಾಡಿತು.

"ಸಿಟ್ಟಾಗ್ಯಾರೇನ್ರಿ ಉಸ್ತಾದ್ರು? ನಿಮ್ ಹೆಸರು ಕೆಡಿಸಿದೆ ನಾನು. ಇನ್ನಾ ಭಾಳ ಓಡಬೇಕಿತ್ತು."

ಇಷ್ಟು ದಿನ ಅವನು ತಪ್ಪು ತನ್ನದೆಂದೇ ನಂಬಿಕೊಂಡಿದ್ದ. ಅಲ್ಲೇ ಮೂಟೆಗಳ ಪಕ್ಕ ನಿಂತು ಎಲ್ಲ ಹೇಳಿದೆ. ಎಷ್ಟು ಓಡಿದ್ದರೂ ಜಾಗ ಇರಲಿಲ್ಲವೆಂದೆ.

"ಕೈ ಎತ್ತಿಸಿದಾಗಾ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು ಹುಲುಗಪ್ಪ."

ಅವನು ಟವೆಲ್ ಕೊಡವಿ ತಲೆಗೆ ಸುತ್ತಿಕೊಂಡ. "ಬರ್ತೀನ್ರಿ ಸರ" ಎಂದು ಮೂಟೆಯ ಕಡೆ ನಡೆದ. ಅವನು ನನ್ನನ್ನು ಸರ ಎಂದದ್ದು ಅದೇ ಮೊದಲು.

ಆಟದ ಮಾದರಿ ಬದಲಿಸಲು ನಿಯಮ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಬದಲಿಸಬಹುದು. ಯಾರ ಜಾಗ ಹೋಗುತ್ತದೋ ಅವನ ಮನೆಗೆ ಬದಲಿಸಿದವನೇ ಹೋಗಿ, ಅವನು ಕೈ ಎತ್ತುವ ಮೊದಲೇ ಹೇಳಬೇಕು. ನಾವು ಬಾಯಿ ಬಿಡದಿದ್ದರೆ ಅವನು ನಮ್ಮ ತಪ್ಪನ್ನೂ ತನ್ನದೆಂದು ಹೊತ್ತುಕೊಂಡು ತಿರುಗುತ್ತಾನೆ, ಮೇಲಿಂದ ನಮ್ಮ ಕಾಲಿಗೂ ಬೀಳುತ್ತಾನೆ.