ಮುನಿಶಾಮಮ್ಮನ ಹನ್ನೆರಡು ದಿನದ ಕಣ

ಹೊರಮಾವಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಮುನಿಶಾಮಮ್ಮ. ಮನೆ ಮುಂದಿನ ರಸ್ತೆ ಒಂದು ಕಾಲಕ್ಕೆ ಅವರದೇ ರಾಗಿ ಹೊಲ. ಬಡಾವಣೆಗೆಂದು ಹೊಲ ಮಾರಿದಾಗ ನಡುವೆ ದಾರಿ ಬಿಟ್ಟವರೂ ಅವರೇ. ಅದಕ್ಕೆ ಟಾರು ಬಿದ್ದದ್ದೇ ತಡ, ರಿಂಗ್ ರೋಡಿಗೆ ಅಡ್ಡದಾರಿ ಸಿಕ್ಕಿತೆಂದು ಕಾರು, ನೀರಿನ ಟ್ಯಾಂಕರುಗಳೆಲ್ಲ ಅಲ್ಲೇ ನುಗ್ಗತೊಡಗಿದವು. “ನನ್ನ ಹೊಲ ದಾಟಕ್ಕೆ ನಾನೇ ಹೆದರ್ಕೋಬೇಕಲ್ಲ ರಾಯ್ರೇ” ಎನ್ನುತ್ತಿದ್ದರು.

ಹೆದರಿಕೆ ತಮಗಾಗಿ ಅಲ್ಲ. ಮೊಮ್ಮಗಳು ಶ್ವೇತಳಿಗೆ ಎಂಟು ವರ್ಷ, ಹುಟ್ಟಿನಿಂದಲೇ ಕಿವಿ ಕೇಳದು. ಶಾಲೆ ರಸ್ತೆಯ ಆಚೆ ಬದಿ. ಬೆಳಿಗ್ಗೆ ಅಜ್ಜಿಯೇ ಕೈಹಿಡಿದು ದಾಟಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಿಟ್ಟರೆ ಮಾತ್ರ ಹುಡುಗಿ ಯಾರಿಗೂ ಕಾಯದೆ ಮನೆಗೆ ಓಡಿಬರುವಳು. ಹಾರ್ನ್ ಹೊಡೆದರೆ ಯಾರಿಗೆ ಕೇಳಬೇಕು? ಒಂದು ದಿನ ಕಾರೊಂದು ಅವಳ ಪುಸ್ತಕದ ಚೀಲವನ್ನು ಸವರಿಕೊಂಡು ಹೋಯಿತು. ಸಂಜೆ ಅವಳಪ್ಪ ಮುನಿರಾಜ್ ತಾಯಿಗೆ ಹೇಳಿಬಿಟ್ಟ: “ಈ ವರ್ಷ ನೋಡ್ತೀನಮ್ಮ. ಆಮೇಲೆ ಮೈಸೂರಲ್ಲಿ ಕಿವಿ ಕೇಳದ ಮಕ್ಕಳ ಹಾಸ್ಟೆಲ್‌ಗೆ ಹಾಕ್ಬಿಡ್ತೀನಿ. ಅಲ್ಲಿ ಗೇಟಾದ್ರೂ ಇರತ್ತೆ.”

ಮುನಿಶಾಮಮ್ಮ ನನ್ನ ಬಾಗಿಲಿಗೆ ಬಂದು ಕೂತರು. “ರಾತ್ರಿ ಎಚ್ರ ಆದ್ರೆ ಕತ್ಲಲ್ಲಿ ಅದಕ್ಕೆ ಕೈಸನ್ನೆ ಕಾಣಲ್ಲ ರಾಯ್ರೇ. ಅಂಗೈ ಮೇಲೆ ಬೆರಳಾಡ್ಸಿ ಮಾತಾಡ್ತೀನಿ ನಾನು. ಹಾಸ್ಟೆಲಲ್ಲಿ ಯಾರು ಮಾತಾಡ್ತಾರೆ?”

ನಾನು ಭಗವಂತರಾಯ, ಕಲಬುರಗಿ ಕಡೆಯವನು, ಮಾರತ್ತಹಳ್ಳಿಯ ಒಂದು ಕಂಪನಿಯಲ್ಲಿ ಗುಮಾಸ್ತ. ಅರ್ಜಿ ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ. ಹಂಪ್ ಹಾಕಿಸಿ, ವೇಗಕ್ಕೆ ಇಪ್ಪತ್ತರ ಮಿತಿ ಹೇರಿ ಎಂದು ಒಂಬತ್ತು ಅರ್ಜಿ ಬರೆದುಕೊಟ್ಟೆ. ರಸ್ತೆ ಇನ್ನೂ ತಮ್ಮ ಕೈಗೆ ಬಂದಿಲ್ಲವೆಂದು ರಸ್ತೆ ಕಚೇರಿ, ರಸ್ತೆಯವರು ಕೇಳಿದರೆ ನೋಡೋಣವೆಂದು ಟ್ರಾಫಿಕ್ ಠಾಣೆ. ಅಜ್ಜಿ ಎರಡರ ಮೆಟ್ಟಿಲನ್ನೂ ಸವೆಸಿದರು. ಕೊನೆಗೆ ‘ವೇಗಮಿತಿ ೨೦’ ಎಂಬ ಬೋರ್ಡು ಬಂತು, ಹಂಪ್ ಬರಲಿಲ್ಲ. ತಿಂಗಳೊಳಗೆ ಆ ಬೋರ್ಡಿನ ಮೇಲೆ ಯಾರದೋ ಹುಟ್ಟುಹಬ್ಬದ ಬ್ಯಾನರ್ ಬಿತ್ತು.

ಅದು ತೊಂಬತ್ತೊಂಬತ್ತರ ಡಿಸೆಂಬರ್. ಒಂದು ಬೆಳಿಗ್ಗೆ ಶಾಲೆಯ ಮುಂದೆ ರಸ್ತೆಯ ಅಗಲಕ್ಕೂ ರಾಗಿ ಹುಲ್ಲು, ತೆನೆಸಮೇತ. ಹತ್ತಿರದ ಹಳ್ಳಿ ಕಣ್ಣೂರಿನಲ್ಲಿದ್ದ ತಂಗಿಯ ಹೊಲದಿಂದ ಮುನಿಶಾಮಮ್ಮ ತರಿಸಿದ್ದರು. ಹಿಂದೆಲ್ಲ ಸುಗ್ಗಿಯಲ್ಲಿ ಹೀಗೆಯೇ ತೆನೆಯನ್ನು ಟಾರು ರಸ್ತೆಗೆ ಹಾಸಿ, ಬಸ್ಸು ಲಾರಿಗಳಿಂದ ತುಳಿಸಿ ಕಾಳು ಉದುರಿಸುತ್ತಿದ್ದರಂತೆ. “ಹೊಲಾನೇ ಇಲ್ಲ, ಎಂಥಾ ಒಕ್ಕಣೆ ಅಜ್ಜಿ?” ಎಂದು ಬಡಾವಣೆಯ ಜನ ನಕ್ಕರು. ಆದರೆ ಹುಲ್ಲಿನಡಿ ಕಲ್ಲಿದೆಯೋ ಗುಂಡಿಯಿದೆಯೋ ತಿಳಿಯದೆ ಕಾರಿನವರು ಬ್ರೇಕ್ ಒತ್ತಿದರು. ಟ್ಯಾಂಕರುಗಳೂ ತೆವಳಿದವು. ಬೆಳಿಗ್ಗೆ ಹಾಸುವುದು, ಸಂಜೆ ಬಳಿದು ಕಾಳು ಕೇರಿ ಇಟ್ಟುಕೊಳ್ಳುವುದು. ಹನ್ನೆರಡು ದಿನ ಶ್ವೇತ ಊಟಕ್ಕೆ ಅಪಾಯವಿಲ್ಲದೆ ತಾನೇ ದಾಟಿ ಬಂದಳು. ನನಗಂತೂ ಒಂಬತ್ತು ಅರ್ಜಿಗಳ ನಕಲನ್ನೂ ಹರಿದು ಒಲೆಗೆ ಹಾಕುವಷ್ಟು ಖುಷಿ.

ಹದಿಮೂರನೆಯ ಬೆಳಿಗ್ಗೆ ತುಂತುರು ಮಳೆ. ಆಫೀಸಿಗೆ ಹೊರಟವನು ಕಪಾಟಿನ ಬೀಗದಕೈ ಮರೆತು ಅರ್ಧ ದಾರಿಯಿಂದ ತಿರುಗಿದೆ. ಹಾಜರಿಗೆ ತಡವಾಗಿತ್ತು. ಸ್ಕೂಟರಿನ ಮುಳ್ಳು ಐವತ್ತರ ಮೇಲಿತ್ತು, ನಾನೇ ನೋಡಿದ್ದೇನೆ. ಒದ್ದೆ ಹುಲ್ಲಿನ ಮೇಲೆ ಚಕ್ರ ಜಾರಿತು. ಹೆಗಲ ಮೂಳೆ ಮುರಿಯಿತು.

ನರ್ಸಿಂಗ್ ಹೋಮಿಗೆ ಹೆಡ್ ಕಾನ್‌ಸ್ಟೇಬಲ್ ಅಕ್ತರ್ ಬಂದು ಹೇಳಿಕೆ ಬರೆದುಕೊಂಡರು.

“ಎಷ್ಟು ಸ್ಪೀಡಲ್ಲಿದ್ರಿ ಸಾರ್?”

ವೇಗದ ವಿಚಾರವಾಗಿ ಆ ಅರ್ಜಿಗಳನ್ನೆಲ್ಲ ಬರೆದವನು ನಾನು. ನಾಲಿಗೆ ತಾನಾಗಿಯೇ ಹೊರಳಿತು.

“ಇಪ್ಪತ್ತರಾಗೇ ಇದ್ದೆ ಸರ.”

ಬರೆದುಕೊಂಡರು. ರಸ್ತೆಯಲ್ಲಿ ಹಾಸಿದ್ದ ಹುಲ್ಲೇ ಅಪಘಾತಕ್ಕೆ ಕಾರಣವೆಂದಾಯಿತು. ಹಂಪ್ ಹಾಕಲು ಅಲುಗದ ರಸ್ತೆ ಕಚೇರಿಯಿಂದ ಮರುದಿನವೇ ಆಳುಗಳು ಬಂದು ಹುಲ್ಲು ಬಾಚಿಕೊಂಡು ಹೋದರು. ಇನ್ನೊಮ್ಮೆ ಹಾಸಿದರೆ ಕೇಸು ಎಂದು ಪೊಲೀಸರು ಮುನಿಶಾಮಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು.

ನಾಲ್ಕನೆಯ ದಿನ ಅವರೇ ನನ್ನನ್ನು ನೋಡಲು ಬಂದರು. ಕೈಯಲ್ಲಿ ಒಂದು ಚೊಂಬು ಅಂಬಲಿ. “ಆ ಹುಲ್ಲಲ್ಲಿ ಉದುರಿದ್ ರಾಗೀನೇ. ಮೂಳೆಗೆ ಒಳ್ಳೇದು” ಎಂದು ಲೋಟಕ್ಕೆ ಬಗ್ಗಿಸಿದರು. ಆಮೇಲೆ ಮೆಲ್ಲಗೆ, “ತಪ್ಪಾಯ್ತು ರಾಯ್ರೇ. ಪೊಲೀಸ್ನೋರು ಓದಿ ಹೇಳಿದ್ರು. ನೀವು ಇಪ್ಪತ್ರಲ್ಲೇ ಬರ್ತಿದ್ರಂತೆ” ಎಂದರು.

ನಾನು ಲೋಟ ಕೈಗೆ ತೆಗೆದುಕೊಂಡೆ.

“ನಿಧಾನಕ್ಕೆ ಬಂದ್ರೆ ಯಾರ್ಗೂ ಏನೂ ಆಗಲ್ಲ ಅನ್ಕೊಂಡಿದ್ದೆ ನಾನು. ಅಷ್ಟು ನಿಧಾನಕ್ಕೆ ಬಂದ ನೀವೇ ಹಿಂಗೆ ಬಿದ್ಮೇಲೆ, ಮಗೂನ ಯಾವ ಧೈರ್ಯದ ಮೇಲೆ ಇಟ್ಕೊಳ್ಳಲಿ? ಹಾಸ್ಟೆಲ್‌ಗೇ ಹೋಗ್ಲಿ ಬಿಡಿ. ಮುನಿರಾಜಂಗೆ ಹೂಂ ಅಂದ್ಬಿಟ್ಟೆ.”

“ಅವ್ವಾ...” ಎಂದೆ. ಐವತ್ತರ ಮಾತು ಬಾಯಿ ದಾಟಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ದಾಟಲಿಲ್ಲ.

“ಕುಡೀರಿ, ಆರೋಗತ್ತೆ” ಎಂದರು. ಕುಡಿದೆ.

ಜೂನಿನಲ್ಲಿ ಶ್ವೇತ ಮೈಸೂರಿಗೆ ಹೊರಟಳು. ಅಜ್ಜಿಯ ಅಂಗೈಯಲ್ಲಿ ಬಹಳ ಹೊತ್ತು ಏನೇನೋ ಬೆರಳಾಡಿಸಿ, ಆಮೇಲೆ ನನ್ನ ಬಳಿಗೂ ಬಂದಳು. ನನ್ನ ಹೆಗಲು ಮುಟ್ಟಿ, ನೋವು ಹೋಯಿತೇ ಎಂದು ಕೈಸನ್ನೆಯಲ್ಲಿ ಕೇಳಿದಳು. ಹೋಯಿತು ಎಂದು ತಲೆಯಾಡಿಸಿದೆ.