ಮರ ಮರೆಯಬೇಕು

ಕಳೆದ ವಾರ ಎದುರು ಫ್ಲಾಟಿನಲ್ಲಿ ಮರಗೆಲಸ ಶುರುವಾಯಿತು. ಬಾಗಿಲು ತೆಗೆದರೆ ಸಾಕು, ಮರದ ಪುಡಿಯ ಜೊತೆಗೆ ಬಿಳಿ ಅಂಟಿನ ವಾಸನೆ, ಹುಳಿ ಬಂದ ಮಜ್ಜಿಗೆಯಂಥದ್ದು. ಯಜಮಾನರು ಗೊಣಗುತ್ತ ಕಿಟಕಿ ಮುಚ್ಚಿದರು. ಹಾಲು ತರಲು ಹೊರಟಿದ್ದ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ತಿಲಕ್ ನಗರದಲ್ಲಿ ಬಡಗಿ ಆಚಾರ್ರ ಅಂಗಡಿಯೂ ಹೀಗೇ ನಾರುತ್ತಿತ್ತು...

ಶಾಲೆಯಿಂದ ನಿವೃತ್ತಳಾದ ವರ್ಷ ಅವರ ಬಳಿ ಕಲಿಯಲು ಹೋದೆ. ಜೀವನವೆಲ್ಲ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳಿಗೆ ಬಾಗಿದ ಕುರ್ಚಿ ಮಾಡುವ ಹುಚ್ಚು ಎಲ್ಲಿಂದ ಹಿಡಿಯಿತೋ! ಆಚಾರ್ರು ಮೊದಲು ನಕ್ಕರು, ಆಮೇಲೆ ಕಲಿಸಿದರು. ತೆಳ್ಳಗೆ ಸೀಳಿದ ಏಳು ಪಟ್ಟಿಗಳಿಗೆ ಅಂಟು ಬಳಿದು, ಒಂದರ ಮೇಲೊಂದು ಪೇರಿಸಿ, ಬಾಗಿದ ಅಚ್ಚಿನ ಮೇಲೆ ಕೂರಿಸಿ, ಅಂಟು ಹಿಡಿಯುವ ತನಕ ಅದುಮಿಡುವ ಕ್ಲಾಂಪು ಬಿಗಿಯುವುದು. ಒಣಗಿದ ಮೇಲೆ ಕಾಗದದಷ್ಟು ತೆಳುವಾದ ತೇಗದ ವೆನೀರು ಹೊದಿಸಿ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವುದು. ಒಳಗೆ ಅಂಟು ಹಿಡಿಯದಿದ್ದರೆ ಟೊಳ್ಳು ಸದ್ದು ಬರುತ್ತದೆ. ಕೆಲಸ ಇಷ್ಟೇ, ಆದರೆ ಕಾಯಬೇಕು. ಕಾಯುವುದೊಂದು ಬಿಟ್ಟು ಉಳಿದದ್ದೆಲ್ಲ ನನಗೆ ಬಂತು.

"ಬಿಚ್ಲಾ ಆಚಾರ್ರೇ?" ಎಂದು ಗಂಟೆಗೊಮ್ಮೆ ಕೇಳುತ್ತಿದ್ದೆ.

"ಮರ ಮರೀಬೇಕು ಮೇಡಂ," ಎನ್ನುತ್ತಿದ್ದರು. "ತಾನು ನೆಟ್ಟಗಿದ್ದೆ ಅನ್ನೋದನ್ನ ಮರೀಬೇಕು. ಮಳೆಗಾಲ ಬೇರೆ, ಎರಡು ದಿನ ಬಿಡಿ."

ಆ ಮಳೆಗಾಲದಲ್ಲೇ ಪದ್ಮನಾಭನಗರದ ಹೆಂಗಸೊಬ್ಬರು ಅತ್ತೆಗೆಂದು ಬಾಗಿದ ಬೆನ್ನಿನ ಕುರ್ಚಿ ಹೇಳಿದ್ದರು. ಅದು ಹಿಡಿಸಿದರೆ ಊಟದ ಮೇಜಿನ ಕುರ್ಚಿಗಳನ್ನೂ ಇವರಿಂದಲೇ ಮಾಡಿಸುವುದಾಗಿತ್ತು. ಎಲ್ಲರೂ ರೆಡಿಮೇಡ್ ತರುವ ಕಾಲದಲ್ಲಿ ಅಂಥ ಕೆಲಸ ಸಿಕ್ಕಿದ್ದಕ್ಕೆ ಆಚಾರ್ರ ಮುಖದಲ್ಲಿ ಹಬ್ಬದ ಕಳೆಯಿತ್ತು. ಸಂಜೆ ಬೆನ್ನಿನ ಪಟ್ಟಿಗಳಿಗೆ ಅಂಟು ಹಾಕಿ ಆರು ಕ್ಲಾಂಪು ಬಿಗಿದರು. ಮರುದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ಅವರು ಉಳಿ ಮುಟ್ಟುವವರಲ್ಲ, ಅವರ ಮನೆತನದ ಪದ್ಧತಿ. ಉಜ್ಜುವ ಕೆಲಸವಿದ್ದರೆ ಮಾಡಿಕೊಳ್ಳಿ ಎಂದು ನನ್ನ ಕೈಗೆ ಬೀಗದ ಕೈ ಕೊಟ್ಟು ಹೋದರು.

ಬೆಳಿಗ್ಗೆ ಒಬ್ಬಳೇ ಹೋಗಿ ಅಂಗಡಿ ತೆಗೆದೆ. ನನ್ನದೊಂದು ಸ್ಟೂಲು ಅರ್ಧಕ್ಕೆ ನಿಂತಿತ್ತು. ಭಾನುವಾರ ಬಂದು ನೋಡು ಎಂದು ತಂಗಿಗೆ ಆಗಲೇ ಜಂಬ ಕೊಚ್ಚಿಕೊಂಡಿದ್ದೆ. ಅದರ ಕಾಲು ಬಗ್ಗಿಸಲು ನಾಲ್ಕು ಕ್ಲಾಂಪು ಬೇಕು, ಉಳಿದಿದ್ದವು ಎರಡೇ. ಮೂಲೆಯಲ್ಲಿ ಇನ್ನೆರಡು ಬಿದ್ದಿದ್ದವು, ತಿರುಪು ಸವೆದು ಬಿಗಿ ನಿಲ್ಲದಂಥವು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನೇ. ಆಚಾರ್ರ ಕುರ್ಚಿಯ ನಡುವಿನಿಂದ ಎರಡು ಗಟ್ಟಿ ಕ್ಲಾಂಪು ಬಿಚ್ಚಿ ನನ್ನ ಸ್ಟೂಲಿಗೆ ಹಾಕಿಕೊಂಡೆ. ಅವುಗಳ ಜಾಗಕ್ಕೆ ಸವೆದವನ್ನು ಸಿಕ್ಕಿಸಿದೆ. ರಾತ್ರಿಯೆಲ್ಲ ಒಣಗಿದೆಯಲ್ಲ, ಏನಾಗುತ್ತದೆ ಎಂದುಕೊಂಡೆ.

ಏನೂ ಆಗಲಿಲ್ಲ. ಆಚಾರ್ರು ವೆನೀರು ಹೊದಿಸಿ ತಟ್ಟಿದಾಗ ಸದ್ದೂ ಸರಿಯಾಗಿಯೇ ಬಂತು. ಕುರ್ಚಿ ಹೋಯಿತು. ನನ್ನ ಸ್ಟೂಲನ್ನು ತಂಗಿ ಹೊಗಳಿದ್ದೂ ಹೊಗಳಿದ್ದೇ.

ದೀಪಾವಳಿ ಕಳೆದ ಮೇಲೆ ಆ ಹೆಂಗಸು ಕುರ್ಚಿಯನ್ನು ಆಟೋದಲ್ಲಿ ಹಾಕಿಕೊಂಡು ವಾಪಸ್ಸು ಬಂದರು. ಬೆನ್ನಿನ ನಡುವೆ ಪದರಗಳು ಬಾಯಿ ಬಿಟ್ಟಿದ್ದವು.

"ನಮ್ಮತ್ತೆ ಬಿದ್ದಿದ್ರೆ ಯಾರ್ರೀ ಹೊಣೆ? ಇನ್ನು ನಿಮ್ ಕುರ್ಚಿ ಸಹವಾಸವೇ ಬೇಡ!"

ಆಚಾರ್ರು ಬಿರುಕಿನ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ನೋಡಿದರು. ಆಮೇಲೆ "ನನ್ ಕೈದೇ ತಪ್ಪಮ್ಮ," ಎಂದರು. ಉಜ್ಜುಕಾಗದ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು ಬೆನ್ನು ತಿರುಗಿಸಿ ನನ್ನ ಹಲಗೆಯನ್ನು ಉಜ್ಜತೊಡಗಿದೆ.

ಮಾತು ಹಬ್ಬಿತು. ಬಾಗಿದ ಕೆಲಸ ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಅವರು ಪ್ಲೈವುಡ್ ಬಾಗಿಲು ಕೂರಿಸುವುದರಲ್ಲೇ ಉಳಿದರು. ನಾನು ಮಂಡಿನೋವಿನ ನೆಪ ಹೇಳಿ ಹೋಗುವುದನ್ನೇ ಬಿಟ್ಟೆ.

ಒಂದು ಬೆಳಿಗ್ಗೆ ಅವರೇ ಜಯನಗರದ ನಮ್ಮ ಮನೆಗೆ ಬಂದರು. ಹೆಗಲ ಮೇಲೆ ಗೋಣಿಚೀಲ. ಅದರೊಳಗೆ ಆ ಅಚ್ಚು, ಕ್ಲಾಂಪುಗಳು.

"ನಂಗಿನ್ಯಾಕೆ, ನೀವಿಟ್ಕೊಳ್ಳಿ. ಎಲ್ಲಾ ಗಟ್ಟಿ ಇರೋವೇ ತಂದಿದೀನಿ ಮೇಡಂ. ಆ ಸವೆದಿರೋವೆರಡು ನಂಗಿರ್ಲಿ."

ಅವರಿಗೆ ಗೊತ್ತಿತ್ತು. ಕುರ್ಚಿಯ ಕ್ಲಾಂಪು ತಾವು ಬಿಚ್ಚಿದ ದಿನವೇ ಗೊತ್ತಾಗಿತ್ತೋ, ಬಿರುಕು ನೋಡಿದ ಮೇಲೋ... ಕಾಫಿ ತರುತ್ತೇನೆಂದು ಒಳಗೆ ಓಡಿದೆ. ಬರುವಷ್ಟರಲ್ಲಿ ಅವರು ಸ್ಟೂಲಿನ ಪಕ್ಕ ಕೂತು ಅದರ ಕಾಲನ್ನು ತಟ್ಟಿ ನೋಡುತ್ತಿದ್ದರು. "ಚೆನ್ನಾಗ್ ಮರ್ತಿದೆ ಮೇಡಂ," ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಆಗಲೇ ಅತ್ತು ತಪ್ಪೊಪ್ಪಿಕೊಳ್ಳುತ್ತಿದ್ದೆನೇನೋ.

ಕೊನೆಗೂ ಧೈರ್ಯ ಮಾಡಿ ತಿಲಕ್ ನಗರಕ್ಕೆ ಹೋದಾಗ ಆ ಅಂಗಡಿಯಲ್ಲಿ ಮೊಬೈಲ್ ರಿಪೇರಿ ನಡೆಯುತ್ತಿತ್ತು. ಆಚಾರ್ರು ತೀರಿಕೊಂಡು ಎರಡು ತಿಂಗಳಾಯಿತು ಎಂದು ಪಕ್ಕದ ಹೂವಿನವಳು ಹೇಳಿದಳು.

ಇವತ್ತು ಅಂಟಿನ ವಾಸನೆ ತಡೆಯಲಾರದೆ ಆ ಸ್ಟೂಲನ್ನು ಬೆಳಕಿಗೆ ತಂದಿಟ್ಟು, ಅವರು ಕಲಿಸಿದ ಹಾಗೆ ಉದ್ದಕ್ಕೂ ತಟ್ಟಿ ನೋಡಿದೆ. ಎಲ್ಲಾದರೂ ಒಂದು ಕಡೆ ಟೊಳ್ಳು ಸದ್ದು ಬಂದಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಬರಲಿಲ್ಲ.